ಡಯಾಲಿಸಿಸ್ಸೋ, ಕಸಿಯೋ? ಬಳ್ಳಾರಿ, ರಾಯಚೂರು, ಕೊಪ್ಪಳದ ಕಿಡ್ನಿ ರೋಗಿಗಳಿಗೊಂದು ಹೋಲಿಕೆ

ನಮ್ಮ ಕಡೆ ಕಿಡ್ನಿ ರೋಗದ ಚಿಕಿತ್ಸೆಯನ್ನು ರೋಗಿ ಆರಿಸುವುದು ಕಡಿಮೆ. ರಾತ್ರಿ ಉಸಿರು ಕಟ್ಟಿ, ಮುಖ ಕಾಲು ಊದಿ, ಯಾರದೋ ಜೀಪಿನಲ್ಲಿ ಕ್ಯಾಶುವಾಲ್ಟಿಗೆ ಹೊತ್ತು ತರುತ್ತಾರೆ. ರಕ್ತದಲ್ಲಿ ಕಿಡ್ನಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, ಹತ್ತು ದಾಟಿರುತ್ತದೆ, ಪೊಟ್ಯಾಸಿಯಂ ಏರಿರುತ್ತದೆ. ಕುತ್ತಿಗೆಗೆ ಪೈಪು ಹಾಕಿ ರಕ್ತ ಸೋಸುವ ಡಯಾಲಿಸಿಸ್ ಮಷೀನಿಗೆ ಜೋಡಿಸುತ್ತಾರೆ, ಮನೆಯವರು ತೋರಿಸಿದ ಕಡೆ ಸಹಿ ಹಾಕುತ್ತಾರೆ. ಆಮೇಲೆ ಉಳಿಯುವ ಪ್ರಶ್ನೆ ವಾರಕ್ಕೆ ಎರಡು ಸಲವೋ ಮೂರು ಸಲವೋ ಎಂಬುದಷ್ಟೇ. ಅದೇ ಮಾತನ್ನು ಆರೆಂಟು ತಿಂಗಳು ಮುಂಚೆ, ರೋಗಿ ತನ್ನ ಕಾಲ ಮೇಲೆ ನಡೆದಾಡುತ್ತಿದ್ದಾಗ ಆಡಿದ್ದರೆ ನಾಲ್ಕು ದಾರಿ ತೆರೆದಿರುತ್ತಿದ್ದವು. ರಕ್ತದ ಡಯಾಲಿಸಿಸ್, ಹೊಟ್ಟೆಯ ಡಯಾಲಿಸಿಸ್, ಕಿಡ್ನಿ ಕಸಿ, ಡಯಾಲಿಸಿಸ್ ಇಲ್ಲದ ಆರೈಕೆ, ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಈ ಬರಹ. ಡಾಕ್ಟರ ಸಲಹೆಯ ಜಾಗದಲ್ಲಿ ಇದನ್ನು ಇಡಬೇಡಿ. ಅವರ ಮುಂದೆ ಕೂತಾಗ ಏನು ಕೇಳಬೇಕು ಎಂದು ತಿಳಿದಿದ್ದರೆ ಸಾಕು.

ಮೊದಲು ರಿಪೋರ್ಟು ಓದುವುದು

ಲ್ಯಾಬಿನವರು ಕೊಡುವ ಹಾಳೆಯಲ್ಲಿ ಎಲ್ಲರ ಕಣ್ಣೂ ಕ್ರಿಯಾಟಿನಿನ್ ಮೇಲೆಯೇ ಬೀಳುತ್ತದೆ. ಆ ಒಂದು ಅಂಕಿ ಮೋಸ ಮಾಡುತ್ತದೆ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ ವಯಸ್ಸಾದ ಹೆಂಗಸರಲ್ಲಿ ಕಿಡ್ನಿ ಅರ್ಧ ಹೋದರೂ ಅದು ಹೆಚ್ಚು ಏರುವುದಿಲ್ಲ. ಜೀನ್ಸ್ ಹೊಲಿಯುವ ಇಪ್ಪತ್ತೈದರ ಹುಡುಗನಿಗೂ ಅವನ ಅರವತ್ತೈದು ವರ್ಷದ ಅಜ್ಜಿಗೂ 1.3 ಬಂದಿದೆ ಎಂದುಕೊಳ್ಳಿ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದರೆ ಹುಡುಗನ ಕಿಡ್ನಿ ಸೋಸುವ ವೇಗ, ಅಂದರೆ ಇಜಿಎಫ್‌ಆರ್, ಸುಮಾರು 78. ಅಜ್ಜಿಯದು ಸುಮಾರು 45. ಹುಡುಗ ನೀರು ಸರಿಯಾಗಿ ಕುಡಿದು ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಆಯಿತು. ಅಜ್ಜಿಯದು ಮೂರು ತಿಂಗಳಾದರೂ ಹಾಗೆಯೇ ಇದ್ದರೆ ಅವಳು ಮೂರನೇ ಹಂತದ ರೋಗಿ. ಅವಳ ಹಾಳೆಯ ಮೇಲೆ ಯಾರೋ 'ಸ್ವಲ್ಪ ಜಾಸ್ತಿ' ಎಂದು ಬರೆದು ಕಳಿಸಿಬಿಡುತ್ತಾರೆ.

ಇಜಿಎಫ್‌ಆರ್ 90 ಮತ್ತು ಮೇಲಿದ್ದು ಮೂತ್ರದಲ್ಲಿ ತೊಂದರೆ ಕಂಡರೆ ಒಂದನೇ ಹಂತ. ಹಾಗೆಯೇ ಮೂತ್ರದಲ್ಲಿ ತೊಂದರೆ ಕಂಡು 60ರಿಂದ 89 ಇದ್ದರೆ ಎರಡನೆಯದು, 30ರಿಂದ 59 ಮೂರನೆಯದು, 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು. ಒಂದೇ ರಿಪೋರ್ಟು ನೋಡಿ ಹಂತ ಹೇಳುವಂತಿಲ್ಲ. ಮೂರು ತಿಂಗಳಾದರೂ ಹಾಗೆಯೇ ಇದ್ದರೆ ಮಾತ್ರ ಅದು ದೀರ್ಘಕಾಲದ ಕಿಡ್ನಿ ರೋಗ.

ಇಜಿಎಫ್‌ಆರ್ ಜೊತೆಗೆ ಕೇಳಿ ಮಾಡಿಸಬೇಕಾದದ್ದು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಲ್ಯಾಬಿನಲ್ಲಿ ಎಸಿಆರ್ ಅಂದರೆ ಗೊತ್ತಾಗುತ್ತದೆ. ಮೂತ್ರಕ್ಕೆ ಪಟ್ಟಿ ಅದ್ದಿ 'ಪ್ರೋಟೀನ್ ನಿಲ್' ಎಂದು ಬರೆಯುವ ಅಗ್ಗದ ಪರೀಕ್ಷೆಗೆ ಸಣ್ಣ ಸೋರಿಕೆ ಸಿಗುವುದಿಲ್ಲ. ಎಸಿಆರ್‌ಗೆ ಸಿಗುತ್ತದೆ. 30ರ ಕೆಳಗಿದ್ದರೆ ನೆಮ್ಮದಿ, 30ರಿಂದ 300 ಎಚ್ಚರಿಕೆ, 300 ದಾಟಿದರೆ ಕಿಡ್ನಿ ಬೇಗ ಇಳಿಯುವ ಸಂಭವ ಹೆಚ್ಚು. ಶುಗರ್ ಇದ್ದವರು, ಬಿಪಿ ಇದ್ದವರು ವರ್ಷಕ್ಕೊಮ್ಮೆ ಇವೆರಡನ್ನೂ ಮಾಡಿಸಬೇಕು. ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ ಎಂಬುದೇ ಈ ರೋಗದ ಕುತಂತ್ರ. ಕಾಲು ಊದುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಹೊಟ್ಟೆಯ ಸ್ಕ್ಯಾನಿಂಗ್ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ: ಕಿಡ್ನಿ ಕುಗ್ಗಿದೆಯೇ, ಕಲ್ಲು ಇದೆಯೇ, ಮೂತ್ರದ ದಾರಿ ಕಟ್ಟಿದೆಯೇ. ನಮ್ಮ ಬಿಸಿಲಿನ ನಾಡಿನಲ್ಲಿ ಕಲ್ಲು ಸಾಮಾನ್ಯ. ಕಲ್ಲಿನಿಂದ ದಾರಿ ಕಟ್ಟಿ ಕಿಡ್ನಿ ಹಾಳಾಗುತ್ತಿದ್ದರೆ ಅದನ್ನು ತೆಗೆಸಿದರೆ ಕಿಡ್ನಿ ಉಳಿಯಬಹುದು, ಹಾಗಾಗಿ ಈ ಪರೀಕ್ಷೆಯನ್ನು ಮುಂದೂಡಬಾರದು. ಬಯಾಪ್ಸಿ ಎಂದರೆ ಜನ ಹೆದರುತ್ತಾರೆ, ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಪ್ರೋಟೀನ್ ಬಹಳ ಹೋಗುತ್ತಿದ್ದು ಕಾರಣ ಗೊತ್ತಾಗದಿದ್ದಾಗ ಸೂಜಿಯಲ್ಲಿ ಚೂರು ತೆಗೆದು ನೋಡುತ್ತಾರೆ, ಅಷ್ಟೇ. ಕೆಲವು ರೋಗಗಳಿಗೆ ಅದನ್ನು ನೋಡಿಯೇ ಔಷಧಿ ಕೊಡಬೇಕಾಗುತ್ತದೆ.

ಇನ್ನೊಂದು ಭೇದ ತಿಳಿದಿರಲೇಬೇಕು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದವರಿಗೆ, ವಾಂತಿಭೇದಿಯಲ್ಲಿ ನೀರಿಳಿದು ಹೋದವರಿಗೆ, ಹೆರಿಗೆಯಲ್ಲಿ ರಕ್ತಸ್ರಾವವಾದವರಿಗೆ ಕಿಡ್ನಿ ದಿಢೀರನೆ ನಿಲ್ಲಬಹುದು. ಇಂಥವರಿಗೆ ಹಾಕುವ ಡಯಾಲಿಸಿಸ್ ಬಹಳ ಸಲ ಕೆಲವು ವಾರಗಳದ್ದು. ಕಿಡ್ನಿ ಮತ್ತೆ ಕೆಲಸ ಶುರು ಮಾಡಿದರೆ ಬಿಡಿಸುತ್ತಾರೆ. 'ಒಮ್ಮೆ ಮಷೀನಿಗೆ ಹಾಕಿದರೆ ಜೀವನಪೂರ್ತಿ' ಎಂದು ಹೆದರಿ ಹಾವು ಕಚ್ಚಿದವನನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಹೋಗುವವರು ಈಗಲೂ ಇದ್ದಾರೆ. ಅದು ಕೊಲ್ಲುವ ತಪ್ಪು. ಡಯಾಲಿಸಿಸ್ ಚಟ ಹಿಡಿಸುವುದಿಲ್ಲ. ಕಿಡ್ನಿ ಪೂರ್ತಿ ಹೋಗಿರುವವರಿಗೆ ಅದು ಬಿಡಲಾಗದ್ದು, ಅವರ ಕಾರಣ ಬೇರೆ.

ಮೂರು, ನಾಲ್ಕನೇ ಹಂತ: ಮಾತ್ರೆ ಮತ್ತು ನಾಟಿ ಔಷಧಿ

ಇಲ್ಲಿ ಆಯ್ಕೆ ನಿಜವಾಗಿ ಕಷ್ಟದ್ದಲ್ಲ, ಆದರೂ ಜನ ಎಡವುವುದು ಇಲ್ಲೇ. ಒಂದು ಕಡೆ ದಿನಾ ನುಂಗುವ ಮಾತ್ರೆಗಳಿವೆ: ಬಿಪಿಯನ್ನೂ ಪ್ರೋಟೀನ್ ಸೋರಿಕೆಯನ್ನೂ ಇಳಿಸುವ ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ಗುಂಪಿನದು, ಮತ್ತು ಶುಗರ್‌ಗೆಂದು ಬಂದು ಕಿಡ್ನಿಯನ್ನೂ ಕಾಯುತ್ತದೆ ಎಂದು ಗೊತ್ತಾದ ಡಾಪಾಗ್ಲಿಫ್ಲೋಜಿನ್. ಎರಡನೆಯದು 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಹತ್ತಾರು ಕಂಪನಿಗಳಿಂದ ಅಗ್ಗವಾಗಿ ಸಿಗುತ್ತಿದೆ. ಇವು ರೋಗ ವಾಸಿ ಮಾಡುವುದಿಲ್ಲ, ಇಳಿಯುವ ವೇಗ ತಗ್ಗಿಸುತ್ತವೆ. ಡಯಾಲಿಸಿಸ್ಸನ್ನು ವರ್ಷಗಟ್ಟಲೆ ಮುಂದೂಡಲು ಅಷ್ಟು ಸಾಕಾಗಬಹುದು. ಶುರು ಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ವಾಂತಿಭೇದಿ ಆದಾಗ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ಇನ್ನೊಂದು ಕಡೆ ಕಿಡ್ನಿ ಪೂರ್ತಿ ಸರಿ ಮಾಡುತ್ತೇವೆ ಎನ್ನುವ ಬೇರು, ಭಸ್ಮ, ಪುಡಿ. ಇವುಗಳಲ್ಲಿ ಕೆಲವುದರಲ್ಲಿ ಪಾದರಸ, ಸೀಸದಂಥ ಲೋಹ ಇರುತ್ತದೆ, ಕಿಡ್ನಿಗೆ ನೇರ ವಿಷ. ಅದಕ್ಕೂ ದೊಡ್ಡ ವೈರಿ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ನೋವಿನ ಗುಳಿಗೆ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ಸೊಂಟನೋವಿಗೆಂದು ದಿನಾ ಡೈಕ್ಲೊಫೆನಾಕ್ ನುಂಗಿ, ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರ ಕಿಡ್ನಿ ಎರಡೂ ಕಡೆಯಿಂದ ಪೆಟ್ಟು ತಿನ್ನುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಡಾಕ್ಟರು ಹೇಳಿದ ಅಳತೆಯಲ್ಲಿ, ಎಷ್ಟೋ ವಾಸಿ.

ಈ ಹಂತದಲ್ಲಿ ಕಾಪಾಡಿಕೊಳ್ಳಬೇಕಾದ ಇನ್ನೊಂದು ಆಸ್ತಿ ಎಡಗೈ. ಬಲಗೈಯಲ್ಲಿ ಕೆಲಸ ಮಾಡುವವರ ಎಡಗೈ ನರದಲ್ಲೇ ಮುಂದೆ ಡಯಾಲಿಸಿಸ್ ನಡೆಯಬೇಕಾಗುತ್ತದೆ. ಸುಸ್ತಾಯಿತು ಎಂದರೆ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಜೋರು. ಮಣಿಕಟ್ಟಿನಿಂದ ಮೊಣಕೈವರೆಗಿನ ಆ ನರಗಳನ್ನು ಚುಚ್ಚಿ ಚುಚ್ಚಿ ಹಾಳು ಮಾಡಿದರೆ ಆಮೇಲೆ ಸರ್ಜನ್‌ಗೆ ಹೊಲಿಯಲು ನರ ಸಿಗುವುದಿಲ್ಲ. ಇಜಿಎಫ್‌ಆರ್ 30ರ ಕೆಳಗಿಳಿದವರು ರಕ್ತ ತೆಗೆಯುವವರಿಗೆ ಬಲ ಅಂಗೈಯ ಹಿಂಭಾಗ ತೋರಿಸಿ.

ರಕ್ತದ ಡಯಾಲಿಸಿಸ್

ಡಯಾಲಿಸಿಸ್ ಎಂದರೆ ಎಲ್ಲರಿಗೂ ಕಣ್ಣ ಮುಂದೆ ಬರುವುದು ಇದೇ. ಸಲಕ್ಕೆ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ ಎಂಬುದು ಒಪ್ಪಿತ ಕ್ರಮ. ನಮ್ಮ ದೇಶದಲ್ಲಿ ಎರಡಕ್ಕೇ ನಿಲ್ಲಿಸುವವರು ಬಹಳ. ಮೂತ್ರ ಇನ್ನೂ ಚೆನ್ನಾಗಿ ಹೋಗುತ್ತಿದ್ದರೆ ಎರಡರಲ್ಲಿ ಕೆಲಕಾಲ ನಡೆಯುತ್ತದೆ. ಮೂತ್ರ ನಿಂತವರಿಗೆ ಎರಡು ಸಾಲದು, ನಡುವಿನ ಉದ್ದದ ಬಿಡುವಿನಲ್ಲಿ ನೀರು ಪುಪ್ಪುಸಕ್ಕೆ ತುಂಬುತ್ತದೆ, ಪೊಟ್ಯಾಸಿಯಂ ಏರುತ್ತದೆ. ಎರಡು ಸಾಕು ಎಂದು ನಿರ್ಧರಿಸುವುದು ಬಸ್ ಚಾರ್ಜು ಆಗಬಾರದು, ಆದರೆ ನಮ್ಮಲ್ಲಿ ಬಹುಪಾಲು ಅದೇ ಆಗಿರುತ್ತದೆ.

ಬಿಪಿಎಲ್ ಕಾರ್ಡಿನವರಿಗೆ ತಾಲೂಕು, ಜಿಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಬಳ್ಳಾರಿಯಲ್ಲಿ ಜನರ ಬಾಯಲ್ಲಿ ಇನ್ನೂ ವಿಮ್ಸ್ ಆಗಿಯೇ ಇರುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇವು ದೊಡ್ಡವು. ಊರ ಹತ್ತಿರದ ತಾಲೂಕು ಆಸ್ಪತ್ರೆಯೋ, ಜಿಲ್ಲಾ ಕೇಂದ್ರವೋ? ನನ್ನ ಮಟ್ಟಿಗೆ ಮೊದಲ ಒಂದೆರಡು ತಿಂಗಳು ಕಿಡ್ನಿ ತಜ್ಞರು ಕೈಗೆಟಕುವ ಜಿಲ್ಲಾ ಕೇಂದ್ರದಲ್ಲಿ, ಮೈ ಒಗ್ಗಿ ಡ್ರೈ ವೇಟ್ (ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ಮೈತೂಕ) ಗೊತ್ತಾದ ಮೇಲೆ ಹತ್ತಿರದ ತಾಲೂಕಿನಲ್ಲಿ. ಸಿರುಗುಪ್ಪದವರು ವಾರಕ್ಕೆ ಮೂರು ಸಲ ಬಳ್ಳಾರಿಗೆ ಬರುವುದೆಂದರೆ ರೋಗಿಯ ಜೊತೆ ಇನ್ನೊಬ್ಬರ ಕೂಲಿಯೂ ಹೋದಂತೆ. ಸೇರುವ ಮುನ್ನ ಕೇಳಬೇಕಾದವು: ಯಾವ ಶಿಫ್ಟು ಖಾಲಿ ಇದೆ, ಮಷೀನ್ ಕೆಟ್ಟರೆ ಎಲ್ಲಿಗೆ ಕಳಿಸುತ್ತೀರಿ, ರಕ್ತ ಸೋಸುವ ಫಿಲ್ಟರು, ಅಂದರೆ ಡಯಲೈಜರ್, ಒಬ್ಬರಿಗೆ ಒಂದೇ ಸಲವೋ ತೊಳೆದು ಮತ್ತೆ ಬಳಸುತ್ತೀರೋ, ಹೆಪಟೈಟಿಸ್ ಇರುವವರಿಗೆ ಬೇರೆ ಮಷೀನ್ ಇದೆಯೇ. ಕೊನೆಯದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ, ಈ ಲಿವರ್ ಸೋಂಕು ರಕ್ತದ ಮೂಲಕ ಹರಡುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನು ನಾಲ್ಕನೇ ಹಂತದಲ್ಲೇ ಹಾಕಿಸಿಕೊಂಡಿರುವುದು ಒಳ್ಳೆಯದು.

ನೀರಿನ ಲೆಕ್ಕವನ್ನೂ ನೋಡಿ. ಒಂದು ಸಲದ ಡಯಾಲಿಸಿಸ್‌ಗೆ ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರಾವಣ ಹರಿಯುತ್ತದೆ, ಅದಕ್ಕೆ ಆರ್‌ಒದಲ್ಲಿ ಸೋಸಿದ ನೀರೇ ಆಗಬೇಕು. ನಮ್ಮ ಕಡೆಯ ಗಡಸು ಬೋರ್ ನೀರಿನಲ್ಲಿ ಆರ್‌ಒ ಕೈಕೊಟ್ಟರೆ ಆ ದಿನದ ಶಿಫ್ಟೆಲ್ಲ ನಿಲ್ಲುತ್ತದೆ. ಬೇಸಿಗೆಯಲ್ಲಿ ಇದು ಆಗುವಂಥದ್ದು, ಹಾಗಾಗಿ ಎರಡನೇ ಕೇಂದ್ರದ ಫೋನ್ ನಂಬರ್ ಇಟ್ಟುಕೊಂಡಿರಬೇಕು.

ಫಿಸ್ಟುಲಾವೋ, ಕುತ್ತಿಗೆ ಪೈಪೋ ಎಂಬ ಹೋಲಿಕೆಯಲ್ಲಿ ನನಗೆ ಅನುಮಾನವೇ ಇಲ್ಲ. ಫಿಸ್ಟುಲಾ ಎಂದರೆ ಕೈಯಲ್ಲಿ ರಕ್ತನಾಳ ಎರಡನ್ನು ಜೋಡಿಸಿ ನರ ದಪ್ಪವಾಗಿಸುವ ಸಣ್ಣ ಆಪರೇಷನ್. ಹಣ್ಣಾಗಲು ಆರೆಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು. ಆದ್ದರಿಂದಲೇ ಡಯಾಲಿಸಿಸ್ ಬೇಕಾಗುವ ಕೆಲವು ತಿಂಗಳು ಮುಂಚೆಯೇ ಮಾಡಿಸಬೇಕು. ಕುತ್ತಿಗೆ ಪೈಪು ಅವತ್ತೇ ಕೆಲಸಕ್ಕೆ ಬರುತ್ತದೆ, ಆದರೆ ರಕ್ತಕ್ಕೆ ನೇರ ಸೋಂಕು ತರುತ್ತದೆ. ಚಳಿ ಜ್ವರ ಬಂದು ನಡುಗುತ್ತಾ ಬರುವ ರೋಗಿಗಳಲ್ಲಿ ಮೊದಲು ನೋಡುವುದು ಆ ಪೈಪನ್ನೇ. ನಮ್ಮ ದೊಡ್ಡಪ್ಪನ ಎಡಗೈ ಫಿಸ್ಟುಲಾ ಮೇಲೆ ಬೆರಳಿಟ್ಟರೆ ಗುರ್ರ್ ಎಂದು ನಡುಗುತ್ತಿತ್ತು. ಆ ನಡುಕವನ್ನು ಬೆಳಗ್ಗೆ ಎದ್ದ ಕೂಡಲೇ ಅವರೇ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಹಲ್ಲುಜ್ಜುವುದೂ ಆಮೇಲೆ. ನಡುಕ ನಿಂತರೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ, ಅದೇ ದಿನ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ತೆಗೆಸಬಾರದು, ತಲೆದಿಂಬಾಗಿ ಇಟ್ಟು ಮಲಗಬಾರದು, ಕೊಡ ಹೊರಬಾರದು.

ಊಟದ ಕಟ್ಟು ಈ ದಾರಿಯಲ್ಲೇ ಹೆಚ್ಚು ಬಿಗಿ. ಮೇ ತಿಂಗಳು, ಹೊರಗೆ ನಲವತ್ತೆರಡು ಡಿಗ್ರಿ, ದಿನಕ್ಕೆ ಹಿಂದಿನ ದಿನದ ಮೂತ್ರದಷ್ಟು ಮತ್ತು ಅದರ ಮೇಲೆ ಅರ್ಧ ಲೀಟರ್ ಮಾತ್ರ ನೀರು. ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ಅಷ್ಟೇ. ಅಳತೆ ಮಾಡಿ ಒಂದು ಬಾಟಲಿಯಲ್ಲಿ ತುಂಬಿಟ್ಟು, ಅದರಿಂದಲೇ ಗುಟುಕರಿಸುವುದು, ಬಾಯಿ ಮುಕ್ಕಳಿಸಿ ಉಗಿಯುವುದು, ಚಿಕ್ಕ ಐಸ್ ತುಂಡು ಚೀಪುವುದು ಕೆಲಸಕ್ಕೆ ಬರುತ್ತವೆ. ಬಾಯಾರಿಕೆ ಹೆಚ್ಚಿಸುವುದು ಉಪ್ಪು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಂಡಕ್ಕಿ ಜೊತೆಗಿನ ಮಿರ್ಚಿ. ಇವನ್ನು ಬಿಟ್ಟರೆ ನೀರಿನ ಕಟ್ಟು ಅರ್ಧ ಹಗುರ. 'ಬಿಸಿಲಿಗೆ ಒಳ್ಳೆಯದು' ಎಂದು ಕೊಡುವ ಎಳನೀರು, ಬಾಳೆಹಣ್ಣು ಪೊಟ್ಯಾಸಿಯಂ ತುಂಬಿಕೊಂಡಿವೆ, ಡಯಾಲಿಸಿಸ್ ರೋಗಿಯ ಹೃದಯವನ್ನು ನಿಲ್ಲಿಸಬಲ್ಲವು. ಬಿಪಿಗೆ ಒಳ್ಳೆಯದೆಂದು ಮಾರುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂಬ ವಾಟ್ಸಾಪ್ ಬುದ್ಧಿವಾದ ಕಲ್ಲಿನ ರೋಗಿಗೆ ಸರಿ, ಈ ರೋಗಿಗೆ ಅದೇ ಮಾತು ಅಪಾಯ.

ಹೊಟ್ಟೆಯ ಡಯಾಲಿಸಿಸ್

ನಮ್ಮ ಜಿಲ್ಲೆಗಳಲ್ಲಿ ಇದರ (ಡಾಕ್ಟರ ಮಾತಿನಲ್ಲಿ ಪೆರಿಟೋನಿಯಲ್ ಡಯಾಲಿಸಿಸ್) ಹೆಸರನ್ನೇ ಕೇಳದವರು ಬಹಳ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಕ್ಕುಳ ಪಕ್ಕ ಮೆತ್ತನೆಯ ಪೈಪು ಕೂರಿಸುತ್ತಾರೆ, ಎರಡು ವಾರ ಗಾಯ ಮಾಯಲು ಬಿಡುತ್ತಾರೆ. ಆಮೇಲೆ ಎರಡು ಲೀಟರ್ ದ್ರಾವಣದ ಚೀಲವನ್ನು ಮನೆಯಲ್ಲೇ ಹೊಟ್ಟೆಯೊಳಗೆ ಬಿಡುವುದು, ನಾಲ್ಕಾರು ಗಂಟೆ ಒಳಗೇ ಇಟ್ಟುಕೊಂಡು ಓಡಾಡುವುದು, ರಕ್ತದ ಕಸ ಹೀರಿದ ಆ ನೀರನ್ನು ಹೊರಗೆ ಹರಿಸಿ ಹೊಸದನ್ನು ತುಂಬುವುದು. ಒಂದು ಬದಲಾವಣೆಗೆ ಅರ್ಧ ಗಂಟೆ ಸ್ವಲ್ಪ ಮೇಲೆ, ದಿನಕ್ಕೆ ಮೂರು ನಾಲ್ಕು ಸಲ. ರಾತ್ರಿ ಮಲಗಿದ್ದಾಗ ತಾನೇ ಬದಲಿಸುವ ಮಷೀನೂ ಇದೆ, ದುಬಾರಿ.

ಲಾಭ ದೊಡ್ಡದು. ಸೂಜಿ ಇಲ್ಲ, ವಾರಕ್ಕೆ ಮೂರು ಸಲ ಬಸ್ ಇಲ್ಲ, ಆಸ್ಪತ್ರೆಗೆ ತಿಂಗಳಿಗೊಮ್ಮೆ ತೋರಿಸಿದರೆ ಸಾಮಾನ್ಯವಾಗಿ ಸಾಕು. ದಿನಾ ಶುದ್ಧವಾಗುತ್ತಿರುವುದರಿಂದ ಊಟ ನೀರಿನ ಕಟ್ಟು ಸಡಿಲ. ಉಳಿದ ಮೂತ್ರ ಹೆಚ್ಚು ಕಾಲ ಬರುತ್ತದೆ. ಹೃದಯ ಸೋತವರಿಗೂ ನಾಲ್ಕು ಗಂಟೆಯಲ್ಲಿ ದಿಢೀರನೆ ನೀರು ತೆಗೆಯುವ ಹೊಡೆತವಿಲ್ಲ. ಲಿಂಗಸುಗೂರು ತಾಲೂಕಿನ ಒಳಹಳ್ಳಿಯ ಶಾಲಾ ಮೇಷ್ಟರಿಗೆ, ಕುಷ್ಟಗಿಯಲ್ಲಿ ಅಂಗಡಿ ಇಟ್ಟವರಿಗೆ ಕೆಲಸ ಬಿಡದೆ ನಡೆಸಿಕೊಂಡು ಹೋಗಲು ಇದು ನಿಜವಾದ ದಾರಿ.

ತೊಡಕು? ಕೈ ತೊಳೆಯುವುದರಲ್ಲಿ ಒಂದು ದಿನದ ಅಸಡ್ಡೆ ಹೊಟ್ಟೆಯೊಳಗೆ ಸೋಂಕು ತರುತ್ತದೆ. ಹೊರಬರುವ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ, ಹೊಟ್ಟೆ ನೋಯುತ್ತಿದ್ದರೆ ಆ ಚೀಲವನ್ನು ಚೆಲ್ಲದೆ ಅದರ ಸಮೇತ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ದ್ರಾವಣದಲ್ಲಿ ಗ್ಲೂಕೋಸ್ ಇರುವುದರಿಂದ ಶುಗರ್ ಏರುತ್ತದೆ, ಪ್ರೋಟೀನ್ ಸೋರುವುದರಿಂದ ಮೊಟ್ಟೆ, ಬೇಳೆ ಹೆಚ್ಚಿಸಬೇಕಾಗುತ್ತದೆ. ಹೊಟ್ಟೆಗೆ ಹಲವು ಆಪರೇಷನ್ ಆದವರಿಗೆ, ದೊಡ್ಡ ಹರ್ನಿಯಾ ಇರುವವರಿಗೆ ಹೊಂದುವುದಿಲ್ಲ. ಇನ್ನು ಜಾಗ: ದಿನಕ್ಕೆ ಮೂರರಂತೆ ತಿಂಗಳಿಗೆ ತೊಂಬತ್ತು ಚೀಲ, 180 ಲೀಟರ್ ಭಾರದ ಪೆಟ್ಟಿಗೆಗಳು. ತಗಡಿನ ಮನೆಯ ಬೇಸಿಗೆ ಕಾವಿನಲ್ಲಿ ಅವನ್ನು ಇಡುವಂತಿಲ್ಲ. ಬಾಗಿಲು ಹಾಕಿ, ಫ್ಯಾನ್ ಆರಿಸಿ ಚೀಲ ಬದಲಿಸಲು ಧೂಳಿಲ್ಲದ ಒಂದು ಮೂಲೆ ಬೇಕು. ಸಂಡೂರು ಗಣಿಯ ದಾರಿಯ ಪಕ್ಕದ ಮನೆಯವರಿಗೆ ಆ ಮೂಲೆ ಹೊಂದಿಸುವುದೇ ಕೆಲಸ.

ಹಣ ಕೈಯಿಂದ ಹಾಕುವುದಾದರೆ ತಿಂಗಳ ಖರ್ಚು ಸರ್ಕಾರಿ ಆಸ್ಪತ್ರೆಯ ಉಚಿತ ಡಯಾಲಿಸಿಸ್‌ಗಿಂತ ಬಹಳ ಹೆಚ್ಚು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮಕ್ಕೆ 2019ರಲ್ಲಿ ಇದನ್ನೂ ಸೇರಿಸುವ ಮಾರ್ಗಸೂಚಿ ಬಂದಿದೆ. ಚೀಲ ಉಚಿತವಾಗಿ ಸಿಗುತ್ತದೆಯೇ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಒಂದೇ ಸಲಕ್ಕೆ ಇಲ್ಲ ಎಂದರೆ ಬಿಡಬೇಡಿ.

ಕಸಿ

ಆರೋಗ್ಯ ತಡೆದುಕೊಳ್ಳುವಂತಿದ್ದರೆ ಕಸಿಯೇ ಮೇಲು. ಆಯಸ್ಸು ಹೆಚ್ಚು, ಊಟದ ಕಟ್ಟು ಸಡಿಲ, ದುಡಿಮೆ ಸಾಧ್ಯ. ಜೀವಂತ ದಾನಿಯ ಕಿಡ್ನಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ, ಮೆದುಳು ನಿಷ್ಕ್ರಿಯರಾದವರಿಂದ ಬಂದದ್ದು ಅದಕ್ಕಿಂತ ಸ್ವಲ್ಪ ಕಡಿಮೆ ಬಾಳುತ್ತದೆ. ಬದಲಿಗೆ ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್‌ನಂಥ ಮಾತ್ರೆಗಳು ಕಿಡ್ನಿ ಇರುವವರೆಗೂ, ಹೊತ್ತು ತಪ್ಪದೆ. ಮಾತ್ರೆ ತಪ್ಪಿಸಿ ಕಿಡ್ನಿ ಕಳೆದುಕೊಳ್ಳುವುದು ಆಪರೇಷನ್ ಕೆಡುವುದಕ್ಕಿಂತ ದೊಡ್ಡ ಭಯ. ತಿಂಗಳ ಔಷಧಿ ಖರ್ಚು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದೆ ಆಪರೇಷನ್‌ಗೆ ಜಮೀನು ಮಾರಬೇಡಿ.

1994ರ ಕಾಯ್ದೆಯಂತೆ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಬಂಧುಗಳು. ಬೇರೆಯವರು ಕೊಡುವುದಾದರೆ ಸಮಿತಿಯ ಒಪ್ಪಿಗೆ ಬೇಕು. ಹಣ ಕೊಟ್ಟು ತರಿಸುತ್ತೇನೆ ಎನ್ನುವ ದಲ್ಲಾಳಿಗೆ ಐದರಿಂದ ಹತ್ತು ವರ್ಷ ಜೈಲು, ಇಪ್ಪತ್ತು ಲಕ್ಷದಿಂದ ಕೋಟಿವರೆಗೆ ದಂಡ. ಕೊಂಡವರೂ ತಪ್ಪಿಸಿಕೊಳ್ಳುವುದಿಲ್ಲ. ಮನೆಯವರ ರಕ್ತದ ಗುಂಪು ಹೊಂದದಿದ್ದರೆ ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಒಂದು ಮಾತು ಹೇಳದೆ ಇರಲಾರೆ: ನಮ್ಮ ದೇಶದಲ್ಲಿ ಕಿಡ್ನಿ ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಹೆಂಡತಿಗೆ ರೋಗ ಬಂದಾಗ ಗಂಡನ ರಕ್ತದ ಗುಂಪನ್ನೂ ನೋಡಿಸಿ. ದಾನಿ ಒಂದೇ ಕಿಡ್ನಿಯಲ್ಲಿ ಚೆನ್ನಾಗಿ ಬದುಕಬಹುದು, ಆದರೆ ಶುಗರ್, ಬಿಪಿ ಪರೀಕ್ಷೆ ಪೂರ್ತಿ ಆಗಿರಬೇಕು ಮತ್ತು ವರ್ಷವರ್ಷ ತೋರಿಸುತ್ತಿರಬೇಕು.

ಮನೆಯಲ್ಲಿ ದಾನಿ ಇಲ್ಲದವರು ಕಸಿ ಆಸ್ಪತ್ರೆಯೊಂದರ ಮೂಲಕ ರಾಜ್ಯದ ಅಂಗಾಂಗ ದಾನದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಕಾಯುವುದು ವರ್ಷಗಟ್ಟಲೆ ಆಗಬಹುದು, ಹಾಗಾಗಿ ಬೇಗ ಬರೆಸುವುದು ಜಾಣತನ. ಊರು ಯಾವುದು? ಬಳ್ಳಾರಿಯವರಿಗೆ ಬೆಂಗಳೂರು, ಅಲ್ಲಿ ವಿಕ್ಟೋರಿಯಾ ಆವರಣದ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಕೊಪ್ಪಳದವರು ಹುಬ್ಬಳ್ಳಿ ಕಡೆ ನೋಡುತ್ತಾರೆ. ಹೈದರಾಬಾದ್ ಆರಿಸುವ ಮುನ್ನ ಯೋಚಿಸಿ: ಬೇರೆ ರಾಜ್ಯವಾದರೆ ಕಾಗದ ಪತ್ರ ಹೆಚ್ಚು, ಕೊನೆಯಲ್ಲಿ ಹೇಳಿರುವ ಕರ್ನಾಟಕದ ಯೋಜನೆಯ ನೆರವು ಅಲ್ಲಿ ನಡೆಯುತ್ತದೆಯೇ ಎಂದು ಬರಹದಲ್ಲಿ ತಿಳಿದುಕೊಳ್ಳಬೇಕು. ಆಪರೇಷನ್ ಆದ ಮೊದಲ ಮೂರು ತಿಂಗಳು ಪದೇ ಪದೇ ತೋರಿಸಬೇಕಾದ್ದರಿಂದ ಆ ಊರಲ್ಲಿ ರೂಮು ಮಾಡಿಯೇ ಇರಬೇಕಾಗುತ್ತದೆ.

ಡಯಾಲಿಸಿಸ್ ಬೇಡ ಎನ್ನುವ ದಾರಿ

ಎಂಬತ್ತರ ಆಚೆ ಈಚೆಯವರು, ಹೃದಯವೂ ಸೋತು, ಹಾಸಿಗೆ ಬಿಟ್ಟೇಳಲಾರದವರು. ಇವರಿಗೆ ಡಯಾಲಿಸಿಸ್ ಆಯಸ್ಸನ್ನು ಹೆಚ್ಚಿಸದೆ ಉಳಿದ ದಿನಗಳನ್ನು ಆಸ್ಪತ್ರೆಯ ದಾರಿಯಲ್ಲೇ ಕಳೆಸಬಹುದು. ಊತಕ್ಕೆ, ತುರಿಕೆಗೆ, ಉಸಿರಾಟಕ್ಕೆ, ರಕ್ತಹೀನತೆಗೆ ಔಷಧಿ ಕೊಡುತ್ತಾ ಮನೆಯಲ್ಲಿ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಅದನ್ನು ಕೈಬಿಡುವುದು ಎಂದು ನೆಂಟರು ಆಡಿಕೊಂಡರೂ ಹಿರಿಯರನ್ನೇ ಕೇಳಿ ನಿರ್ಧರಿಸಿ.

ಯಾರಿಗೆ ಯಾವುದು, ಯಾವಾಗ

ಇಜಿಎಫ್‌ಆರ್ 20ರ ಆಸುಪಾಸು ಬಂದಾಗ ಮನೆಯವರೆಲ್ಲ ಕುಳಿತು ಮಾತಾಡಬೇಕು. ಡಯಾಲಿಸಿಸ್ ಶುರು ಮಾಡುವುದಕ್ಕೆ ಅವಸರವಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗ ಶುರು ಮಾಡಿದವರು ತಡವಾಗಿ ಶುರು ಮಾಡಿದವರಿಗಿಂತ ಹೆಚ್ಚು ಬದುಕಲಿಲ್ಲ. ವಾಂತಿ, ಉಸಿರಾಟ, ತಡೆಯಲಾಗದ ಊತ, ಇಳಿಯದ ಪೊಟ್ಯಾಸಿಯಂ, ಇವುಗಳನ್ನು ನೋಡಿ ಡಾಕ್ಟರು ಹೇಳುತ್ತಾರೆ. ಅವಸರವಿರುವುದು ತಯಾರಿಗೆ.

ನಲವತ್ತರೊಳಗಿನ, ಮನೆಯಲ್ಲಿ ಹೊಂದುವ ದಾನಿ ಇರುವವರು ಡಯಾಲಿಸಿಸ್ ಶುರುವಾಗುವ ಮುನ್ನವೇ ಕಸಿಯ ತಪಾಸಣೆ ಆರಂಭಿಸಲಿ. ತಾಲೂಕು ಕೇಂದ್ರದಿಂದ ದೂರದ ಹಳ್ಳಿ, ಮೂತ್ರ ಇನ್ನೂ ಹೋಗುತ್ತಿದೆ, ಓದುಬರಹ ಬಲ್ಲ ಒಬ್ಬರು ಮನೆಯಲ್ಲಿ ಇದ್ದಾರೆ, ಶುಚಿಯಾದ ಕೋಣೆ ಇದೆ ಎಂದರೆ ನಾನು ಹೊಟ್ಟೆಯ ಡಯಾಲಿಸಿಸ್ ಕಡೆ ವಾಲುತ್ತೇನೆ. ಒಂಟಿಯಾಗಿರುವವರು, ಕಣ್ಣು ಮಂಜಾದವರು, ತಾಲೂಕು ಆಸ್ಪತ್ರೆ ಪಕ್ಕದಲ್ಲೇ ಇರುವವರಿಗೆ ರಕ್ತದ ಡಯಾಲಿಸಿಸ್ಸೇ ಸುಲಭ, ಆದರೆ ಫಿಸ್ಟುಲಾದೊಂದಿಗೆ. ಶುರು ಮಾಡಿದ್ದನ್ನು ಬದಲಿಸಬಹುದು, ಹೊಟ್ಟೆಯದರಿಂದ ರಕ್ತದ್ದಕ್ಕೆ, ಅಲ್ಲಿಂದ ಕಸಿಗೆ ಹೋದವರು ಎಷ್ಟೋ ಮಂದಿ.

ಕಾಗದದ ಕೆಲಸ ಕೊನೆಗೆ ಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ನೆರವಿದೆ. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರು ಆಧಾರಿನಂತೆಯೇ ಇದೆಯೇ ನೋಡಿಕೊಳ್ಳಿ, ಒಂದಕ್ಷರದ ವ್ಯತ್ಯಾಸಕ್ಕೆ ಕೌಂಟರಿನಲ್ಲಿ ಅರ್ಧ ದಿನ ಹೋಗುತ್ತದೆ. ಡಯಾಲಿಸಿಸ್‌ಗೆ, ಕಸಿಗೆ ಹೋಗುವ ರೋಗಿಗೂ ಜೊತೆಗೊಬ್ಬರಿಗೂ ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿ ಟಿಕೆಟಿಗೆ ಶೇಕಡಾ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ರೈಲ್ವೆ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಂಡು ಸ್ಟೇಷನ್ ಕೌಂಟರಿನಲ್ಲೇ ಟಿಕೆಟ್ ತೆಗೆಸಬೇಕು. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಹಾದು ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಗಾಡಿ. ಕೆಳಗಿನ ಬರ್ತ್ ಕೇಳಿ ಬರೆಸಿ.